ಅರ್ಧಣ್ಣನ ಉಸಿರು

'ಗೊಂಬೆ ಕೆಟ್ಟಿದೆ ಸಾರ್.'

ಮೂರೇ ಮೂರು ಪದ. ಬೆಳಿಗ್ಗೆ ಹಲ್ಲುಜ್ಜುತ್ತ ಅವಳು ಕನ್ನಡಿಯೆದುರು ಅದನ್ನು ಬಗೆಬಗೆಯಾಗಿ ಹೇಳಿ ನೋಡಿದಳು. ವಿನಯದಿಂದ ಹೇಳಿದಳು, ಗಂಭೀರವಾಗಿ ಹೇಳಿದಳು, ಒಮ್ಮೆ ಹುಬ್ಬು ಗಂಟಿಕ್ಕಿಯೂ ಹೇಳಿದಳು. ಕನ್ನಡಿ ಎಲ್ಲವನ್ನೂ ಒಪ್ಪಿಕೊಂಡಿತು. ನಿನ್ನೆ ಸಂಜೆಯೇ ಹೇಳಬೇಕಿತ್ತು, ಇಷ್ಟು ಹೇಳೋಕೂ ನನಗೆ ಯಾಕೆ ಬಾಯಿ ಬರಲ್ಲ ಎಂದು ತನ್ನನ್ನೇ ಬೈದುಕೊಂಡು ಬಾಯಿ ಮುಕ್ಕಳಿಸಿದಳು. ಮೂರು ಪದಗಳೂ ನೀರಿನ ಜೊತೆ ಹೊರಟುಹೋದವು.

"ಏನೇ ಅದು ಒಬ್ಬಳೇ ಗೊಣಗ್ತಿದ್ದೀಯಾ?" ಅಡುಗೆಮನೆಯಿಂದ ಅಮ್ಮ ಕೂಗಿದಳು.

"ಏನಿಲ್ಲಮ್ಮ."

ಈ 'ಏನಿಲ್ಲ' ಅವಳ ಬದುಕಿನ ಅತಿ ದೊಡ್ಡ ಭಾಷಣ. ಅವಳ ದನಿ ಪಿಸುಮಾತಿನಿಂದ ಒಂದು ಮೆಟ್ಟಿಲು ಮೇಲೇರಿದ್ದನ್ನು ಕೇಳಿದವರಿಲ್ಲ. ಹಾಗಾಗಿ ಮನೆಯಲ್ಲೂ ಕಚೇರಿಯಲ್ಲೂ ಅವಳಿಗೆ ಪಿಸು ಎಂದೇ ಹೆಸರು ನಿಂತಿತ್ತು. ಪದವಿ ಮುಗಿಸಿದ ಇಂಥ ಹುಡುಗಿಗೆ ಕೆಲಸ ಸಿಕ್ಕಿದ್ದಾದರೂ ಎಲ್ಲಿ? ಹಳ್ಳಿಯ ಹೆಂಗಸರಿಗೆ ಆರೋಗ್ಯದ ಪಾಠ ಕಲಿಸುವ ಪುಟ್ಟ ಸಂಸ್ಥೆಯೊಂದರಲ್ಲಿ, ಸಂಯೋಜಕಿಯಾಗಿ. ಹೆಂಗಸರನ್ನು ಒಟ್ಟುಗೂಡಿಸಬೇಕು, ಕಲಿಸಬೇಕು, ಅನುದಾನ ಕೊಡುವವರಿಗೆ ವರದಿ ಬರೆಯಬೇಕು. ಬರೆಯುವುದರಲ್ಲಿ ಅವಳು ಹುಲಿ. ಬಾಯಿ ತೆರೆಯಬೇಕಾದಾಗ ಇಲಿ.

ಅಂದಿನ ತಾಪತ್ರಯಕ್ಕೆ ಕಾರಣವೂ ಒಂದು ಇಲಿಯೇ.

ಸಂಸ್ಥೆಯಲ್ಲಿ ಒಂದು ರಬ್ಬರ್ ಗೊಂಬೆಯಿತ್ತು. ಉಸಿರು ನಿಂತವರ ಎದೆಯನ್ನು ಒತ್ತಿ ಬದುಕಿಸುವುದು ಹೇಗೆಂದು ಕಲಿಸಲು ಅನುದಾನದವರೇ ಕೊಟ್ಟದ್ದು. ತಲೆಯಿಂದ ಸೊಂಟದವರೆಗೆ ಮಾತ್ರ ಇದ್ದುದರಿಂದ ಹೆಂಗಸರು ಅದನ್ನು ಅರ್ಧಣ್ಣ ಎನ್ನುತ್ತಿದ್ದರು. ಎದೆಯ ನಡುವೆ ಅಂಗೈಯಿಟ್ಟು, ಮೈಭಾರವನ್ನೆಲ್ಲ ಬಿಟ್ಟು ಗಟ್ಟಿಯಾಗಿ ಒತ್ತಿದರೆ ಅರ್ಧಣ್ಣ ಒಳಗಿನಿಂದ 'ಟಕ್' ಎನ್ನುತ್ತಿದ್ದ. ಮೆಲ್ಲಗೆ ಒತ್ತಿದರೆ ಮುನಿಸಿಕೊಂಡ ಅಳಿಯನಂತೆ ಸುಮ್ಮನಿರುತ್ತಿದ್ದ.

ಅವನನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ದೊಡ್ಡಕ್ಕ. ಕಳೆದ ವರ್ಷ ಅವಳ ತಮ್ಮ ಕಾಲುವೆಗೆ ಬಿದ್ದಾಗ, ಮೇಲೆತ್ತಿದ ಜನ ಅವನನ್ನು ತಲೆಕೆಳಗು ಹಿಡಿದು ಕುಲುಕಿದ್ದೇ ಬಂತು, ಜೀವ ಬರಲಿಲ್ಲ. ಆಮೇಲೆ ಅವಳು ಒಂದು ತರಬೇತಿಯನ್ನೂ ತಪ್ಪಿಸಿದವಳಲ್ಲ. ಮೊದಲ ಸಾಲಿನಲ್ಲಿ ಕೂತು, ಸರದಿ ಬಂದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಟಕ್ ಅನ್ನೋವರೆಗೂ ನಿನ್ನ ಬಿಡಲ್ಲ ಕಣೋ" ಎಂದು ಒತ್ತುತ್ತಿದ್ದಳು.

ಆ ಅರ್ಧಣ್ಣನ ಗಂಟಲಿನ ಕೊಳವೆಯನ್ನು ಇಲಿ ಕಡಿದು, ಎದೆಯಲ್ಲಿ ತೂತು ಕೊರೆದು, ಒಳಗೆ ಸಂಸಾರ ಹೂಡಿತ್ತು. ನಿನ್ನೆ ಸಂಜೆ ಟ್ರಂಕು ತೆರೆದಾಗ ಪಿಸು ನೋಡಿದ್ದಳು. ಇಂದು ಅನುದಾನದ ಸಾಹೇಬರು ತರಬೇತಿ ನೋಡಲು ಬರುವವರಿದ್ದರು. ಅವರು 'ಹೂಂ' ಅಂದರೆ ಮುಂದಿನ ವರ್ಷವೂ ತರಬೇತಿ ಉಂಟು. 'ಊಹೂಂ' ಅಂದರೆ ಸಂಸ್ಥೆಯ ಬಾಗಿಲಿಗೆ ಬೀಗ.

ಅವಳು ಕಚೇರಿಗೆ ಬರುವಷ್ಟರಲ್ಲಿ ಕಾರ್ಯದರ್ಶಿಗಳು ಟ್ರಂಕಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಜಗತ್ತೆಲ್ಲ ಇನ್ನೂ ತಮ್ಮ ಏಳನೇ ತರಗತಿ ಎಂದೇ ಅವರ ನಂಬಿಕೆ.

"ಏನಮ್ಮಾ ಇದು? ನಿಂಗೆ ಗೊತ್ತಿತ್ತಾ?"

"ಅದೇ ಸಾರ್... ನಿನ್ನೆ ಸಂಜೆ..."

"ಜೋರಾಗಿ ಹೇಳು!"

"ಏನಿಲ್ಲ ಸಾರ್."

ಅವರು ಹಣೆ ಚಚ್ಚಿಕೊಂಡರು. ಪಿಸು ಇದ್ದಬದ್ದ ಧೈರ್ಯವನ್ನೆಲ್ಲ ಗುಡಿಸಿ ಒಟ್ಟು ಮಾಡಿ, "ಸಾರ್, ಕೆಟ್ಟಿದೆ ಅಂತ ಅವರಿಗೇ ಹೇಳಿಬಿಟ್ರೆ..." ಎಂದಳು.

"ಹೇಳಿಬಿಟ್ರೆ? ಗೊಂಬೆ ಪ್ರಾಣಾನೇ ಉಳಿಸ್ಕೊಳ್ಳದೋರು ಜನರ ಪ್ರಾಣ ಏನು ಉಳಿಸ್ತೀರಿ ಅಂತ ಮುಖಕ್ಕೆ ಉಗೀತಾರೆ! ಬಾಯಿ ಮುಚ್ಕೊಂಡಿರು."

ಬಾಯಿ ಮುಚ್ಚಿಕೊಂಡಿರುವುದೊಂದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಅಂಗಡಿಯ ಟೈಲರ್ ಮಾಮ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಒಳಗೆ ಬಂದ. ಯಾರ ಮನೆಯಲ್ಲಿ ಪಾತ್ರೆ ಬಿದ್ದರೂ ಓಡಿಬಂದು ಎತ್ತಿಡುವ, ಎತ್ತಿಡುವಾಗ ಇನ್ನೆರಡನ್ನು ಬೀಳಿಸುವ ಮನುಷ್ಯ.

"ಏನ್ ಮೇಷ್ಟ್ರೇ ಗಲಾಟೆ? ಓ, ಹರಿದಿದ್ಯಾ? ಹರಿದದ್ದಕ್ಕೆಲ್ಲ ನಾನಿಲ್ವಾ! ತಗೊಳ್ಳಿ, ನಾಕು ಹೊಲಿಗೆ."

ನಾಲ್ಕು ಹೊಲಿಗೆ ಹಾಕಿದ. ಒಂದು ತೂತಿದ್ದಲ್ಲಿ ಎಂಟು ತೂತಾಗಿ, ಅರ್ಧಣ್ಣ ಜರಡಿಯಂತೆ ಎಲ್ಲ ಕಡೆಯಿಂದಲೂ ಉಸಿರು ಬಿಡತೊಡಗಿದ. "ತೇಪೆ ಹಾಕೋಣ" ಎಂದು ಮಾಮ ಸೈಕಲ್ ಅಂಗಡಿಯಿಂದ ಟ್ಯೂಬಿನ ತುಂಡು, ಅಂಟು ತಂದ. ತೇಪೆ ಹಿಡಿಯಲಿಲ್ಲ. "ಸ್ವಲ್ಪ ಬಿಸಿ ತಾಗಬೇಕು ಅಷ್ಟೆ" ಎಂದು ತನ್ನ ಇಸ್ತ್ರಿಪೆಟ್ಟಿಗೆಯನ್ನೇ ತಂದು ಎದೆಯ ಮೇಲೆ ಇಟ್ಟ.

ಗಾಯದ ಮೇಲೆ ಬರೆ ಎಂಬ ಮಾತನ್ನು ಪಿಸು ಪುಸ್ತಕದಲ್ಲಿ ಓದಿದ್ದಳು. ಕಣ್ಣಾರೆ ಕಂಡದ್ದು ಅಂದೇ. ಹೊಗೆ ಎದ್ದಿತು, ಕಮಟು ವಾಸನೆ ಬಂತು, ಅರ್ಧಣ್ಣನ ಎದೆಯಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದ ಹೊಂಡ ಬಿತ್ತು. ಇಷ್ಟು ಹೊತ್ತು ಕಾಯಿಲೆಯಲ್ಲಿದ್ದವನು ಈಗ ತೀರಿಯೇ ಹೋದ. ಮುಖವೊಂದು ಮಾತ್ರ ಎಂದಿನಂತೆ ಶಾಂತವಾಗಿತ್ತು.

ಮೂವರೂ ಸಾವಿನ ಮನೆಯಲ್ಲಿ ನಿಂತಂತೆ ನಿಂತರು. ಈಗಲಾದರೂ ಹೇಳಿಬಿಡೋಣ ಎಂಬ ಮಾತು ಪಿಸುವಿನ ನಾಲಗೆಯ ತುದಿಗೆ ಬಂತು. ಅದನ್ನು ಉಗುಳುವ ಮೊದಲೇ ಮಾಮ ತನ್ನ ಎದೆ ತಟ್ಟಿಕೊಂಡ.

"ನಾನು ಕೆಡಿಸಿದ್ದು, ನಾನೇ ತುಂಬಿಕೊಡ್ತೀನಿ. ನಾನೇ ಮಲಗ್ತೀನಿ!"

"ನೀನಾ?" ಎಂದರು ಕಾರ್ಯದರ್ಶಿಗಳು.

"ಯಾಕೆ, ಅವನಿಗೂ ಕೂದಲಿಲ್ಲ, ನನಗೂ ಇಲ್ಲ. ಅವನೂ ಬಡಕಲು, ನಾನೂ ಬಡಕಲು."

"ಅವನಿಗೆ ಕಾಲಿಲ್ಲವಲ್ಲೋ!"

ಅದಕ್ಕೂ ಉಪಾಯವಿತ್ತು. ಮೇಜನ್ನು ಓಣಿಯ ಕಡೆಯ ತಗ್ಗಿನ ಕಿಟಕಿಗೆ ಒತ್ತರಿಸಿದರು. ಮಾಮನ ಕಾಲುಗಳು ಕಿಟಕಿಯಾಚೆ ಓಣಿಯಲ್ಲಿ, ಸೊಂಟದ ಮೇಲಿನದೆಲ್ಲ ಈಚೆ. ನಡುವೆ ಪರದೆ. ಅರ್ಧಣ್ಣನ ಮುಖವನ್ನು ಕತ್ತರಿಸಿ, ಎಲಾಸ್ಟಿಕ್ ಹೊಲಿದು, ಮಾಮ ಅದನ್ನು ತನ್ನ ಮುಖಕ್ಕೆ ಹಾಕಿಕೊಂಡ. ಮೇಲೆ ಅರ್ಧಣ್ಣನದೇ ಅಂಗಿ.

"ಒತ್ತಿದಾಗ ಟಕ್ ಅನ್ನಬೇಕಲ್ಲ?" ಎಂದರು ಕಾರ್ಯದರ್ಶಿಗಳು.

ರಬ್ಬರಿನೊಳಗಿನಿಂದ ಮಾಮ ನಾಲಗೆಯನ್ನು ಅಂಗುಳಕ್ಕೆ ಬಡಿದ. "ಟಕ್!" ಅಸಲಿಗಿಂತ ಚೆನ್ನಾಗಿತ್ತು.

ಪಿಸು ಮೇಜಿನ ಬಳಿಗೆ ಬಂದಳು. "ಸಾರ್, ಬದುಕಿರೋರ ಎದೆ ಹಾಗೆ ಒತ್ತಬಾರದು. ಪಕ್ಕೆಲುಬು ಮುರಿಯತ್ತೆ."

"ಮೆಲ್ಲಗೆ ಒತ್ತೋಕೆ ಹೇಳಿದ್ರಾಯ್ತು!"

"ಮೆಲ್ಲಗೆ ಒತ್ತಿದ್ರೆ ಕಲಿತ ಹಾಗಾಗಲ್ಲ ಸಾರ್..."

ಈ ಕೊನೆಯ ಮಾತು ಅವರಿಗೆ ಕೇಳಿಸಲಿಲ್ಲ. ಹೊರಗೆ ಜೀಪು ನಿಂತ ಸದ್ದು ದೊಡ್ಡದಾಗಿತ್ತು, ಅವಳ ದನಿ ಚಿಕ್ಕದಾಗಿತ್ತು.

ಸಾಹೇಬರು ಮೂಗಿನ ಮುಂದೆ ಫೋನು ಹಿಡಿದುಕೊಂಡೇ ಇಳಿದರು. ಮೆಟ್ಟಿಲುಗಳನ್ನೂ ಅದರೊಳಗೇ ನೋಡಿಕೊಂಡು ಹತ್ತಿದರು. ಜಗತ್ತು ಅವರಿಗೆ ಅಂಗೈಯಗಲ. "ನೀವು ನಡೆಸ್ರಿ, ನಾನು ವಿಡಿಯೋ ಮಾಡ್ಕೋತೀನಿ" ಎಂದು ದೂರದ ಕುರ್ಚಿಯಲ್ಲಿ ಕೂತರು. ಹೆಂಗಸರು ಸಾಲಾಗಿ ಕುಳಿತರು.

ಮೊದಲ ಸರದಿ ಎಂದಿನಂತೆ ದೊಡ್ಡಕ್ಕನದು. ಸೆರಗು ಸಿಕ್ಕಿಸಿ, ಎದೆಯ ಮೇಲೆ ಅಂಗೈಯಿಟ್ಟಳು.

"ಅರ್ಧಣ್ಣ ಬೆಚ್ಚಗಿದಾನಲ್ಲೇ!"

"ಬಿಸಿಲಿಗೆ ಇಟ್ಟಿದ್ವಮ್ಮ, ರಬ್ಬರು ಕಾದಿದೆ" ಎಂದರು ಕಾರ್ಯದರ್ಶಿಗಳು.

ಅವರು 'ಮೆಲ್ಲಗೆ' ಎನ್ನುವುದರೊಳಗೆ ದೊಡ್ಡಕ್ಕ ಕಲಿತಿದ್ದಂತೆ ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು.

"ಅಯ್ಯಯ್ಯಪ್ಪೋ!"

ಸಾಹೇಬರು ಫೋನಿನ ಹಿಂದಿನಿಂದ, "ಓಹೋ! ಧ್ವನಿ ಬೇರೆ ಬರತ್ತಾ?" ಎಂದರು.

"ಹೊಸ ಸೌಲಭ್ಯ ಸಾರ್!" ಕಾರ್ಯದರ್ಶಿಗಳು ಬೆವರು ಒರೆಸಿಕೊಂಡರು. "ತಪ್ಪಾಗಿ ಒತ್ತಿದ್ರೆ ಕೂಗತ್ತೆ. ಮೆಲ್ಲಗಮ್ಮ, ಮೆಲ್ಲಗೆ! ಹಿಟ್ಟು ತಟ್ಟೋ ಹಾಗೆ!"

ದೊಡ್ಡಕ್ಕ ಗೊಂದಲದಿಂದ ಕೈ ಹಿಂದೆಗೆದುಕೊಂಡಳು. "ಅಲ್ವೇ ಪಿಸೂ, ನೀನೇ ಅಲ್ವಾ ಗಟ್ಟಿಯಾಗಿ ಒತ್ತಬೇಕು ಅಂತ ಹೇಳಿಕೊಟ್ಟಿದ್ದು? ನಾನು ತಪ್ಪು ತಿಳ್ಕೊಂಡಿದ್ನಾ?"

ಎಲ್ಲರೂ ಪಿಸುವಿನ ಕಡೆ ನೋಡಿದರು. ಕಾರ್ಯದರ್ಶಿಗಳು ಕಣ್ಣಲ್ಲೇ ಬೆತ್ತ ಎತ್ತಿದರು.

"ಏನಿಲ್ಲ ಅಕ್ಕ... ಅವರು ಹೇಳಿದ ಹಾಗೆ ಮಾಡಿ" ಎಂದು ಪಿಸು ತಲೆ ತಗ್ಗಿಸಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದಿದ್ದರೂ ಹೋಗುವಂಥದ್ದಿದೆ ಎಂದು ಗಾದೆ ಕಟ್ಟಿದವರು ಯಾಕೆ ಹೇಳಲಿಲ್ಲವೋ.

ದೊಡ್ಡಕ್ಕ ಹಿಟ್ಟು ತಟ್ಟಿದಂತೆ ತಟ್ಟಿದಳು. "ಟಕ್!" ಎಲ್ಲರೂ ಚಪ್ಪಾಳೆ ಹೊಡೆದರು. ಒಬ್ಬೊಬ್ಬರೇ ಬಂದು ಮಗುವನ್ನು ಮಲಗಿಸುವಂತೆ ತಟ್ಟಿ ಹೋದರು. ಪ್ರತಿ ಸಲವೂ "ಟಕ್!" ಅರ್ಧಣ್ಣ ಯಾರನ್ನೂ ಇಷ್ಟು ಸುಲಭವಾಗಿ ಪಾಸು ಮಾಡಿದವನಲ್ಲ.

ಆಗ ಅರ್ಧಣ್ಣ ಇದ್ದಕ್ಕಿದ್ದಂತೆ ಕಿಟಕಿಯ ಕಡೆಗೆ ಗೇಣುದ್ದ ಜಾರಿದ.

ಓಣಿಯಲ್ಲಿ ಗಿರಾಕಿಯೊಬ್ಬ ಆ ಕಾಲುಗಳ ಗುರುತು ಹಿಡಿದಿದ್ದ. ಅವುಗಳನ್ನು ಎಳೆಯುತ್ತ, "ಏನ್ ಟೈಲರೇ, ಅಂಗಡಿ ಬಿಟ್ಟು ಕಿಟಕೀಲಿ ನೇತಾಡ್ತಿದ್ದೀರಾ? ನನ್ನ ಪ್ಯಾಂಟು ಏನಾಯ್ತು?" ಎಂದು ಕೇಳುತ್ತಿದ್ದ. ಉತ್ತರ ಬಾರದ್ದಕ್ಕೆ ಅಂಗಾಲಿಗೆ ಕಚಗುಳಿ ಇಟ್ಟ. ಅರ್ಧಣ್ಣ ಅಡಿಯಿಂದ ಮುಡಿಯವರೆಗೆ ನಡುಗಿ, ಕಿಸಕ್ಕೆಂದು ನಕ್ಕ.

"ಇದೇನ್ರೀ?" ಎಂದರು ಸಾಹೇಬರು.

"ಜೀವ ಬಂದಾಗ ಖುಷಿ ಆಗತ್ತಲ್ವಾ ಸಾರ್, ಅದಕ್ಕೆ!" ಎಂದು ಕಾರ್ಯದರ್ಶಿಗಳು ಕಿಟಕಿಗೆ ಅಡ್ಡ ನಿಂತು, ಹಿಂಗೈಯಿಂದಲೇ ಗಿರಾಕಿಯನ್ನು ಓಡಿಸಿದರು.

ತರಬೇತಿ ಮುಗಿಯಿತು. ಚಹಾ ಬಂತು. ಸಾಹೇಬರು ಫೋನು ಕೆಳಗಿಟ್ಟು ಅಂದು ಮೊದಲ ಸಲ ಬರಿಗಣ್ಣಿನಿಂದ ನೋಡಿದರು, ಅದೂ ಚಹಾದ ಲೋಟವನ್ನು.

"ಮೇಷ್ಟ್ರೇ, ಒಂದು ಮಾತು. ಈ ಗೊಂಬೆಗಳು ಬಳಸಿದ್ರೆ ಒಂದು ವರ್ಷ ಬಾಳಿಕೆ ಬಂದ್ರೆ ಹೆಚ್ಚು. ಕೊಡುವಾಗಲೇ ನಮಗೆ ಗೊತ್ತಿತ್ತು. ಅದಕ್ಕೇ ಎಲ್ಲ ಕಡೆ ನೋಡಿಕೊಂಡು ಬರ್ತಿದ್ದೀನಿ. ಕೆಟ್ಟಿದೆ ಅಂದ್ರೆ ಕಲಿಸಿದ್ದಾರೆ ಅಂತ ಲೆಕ್ಕ. ಅವರಿಗೆ ಹೊಸ ಗೊಂಬೆ, ಮುಂದಿನ ವರ್ಷದ ಪೂರ್ತಿ ಅನುದಾನ. ಜೀಪಿನಲ್ಲಿ ಇನ್ನೊಂದು ಗೊಂಬೆ ಇದೆ, ನಿಮಗೇ ಅಂತ ತಂದಿದ್ದೆ."

ಕಾರ್ಯದರ್ಶಿಗಳ ಲೋಟ ಅರ್ಧದಲ್ಲೇ ನಿಂತಿತು.

"ಆದ್ರೆ ನಿಮ್ಮದು ಹೊಸದಕ್ಕಿಂತ ಹೊಸದಾಗಿದೆ! ಅಂದ್ರೆ ಏನರ್ಥ? ನೀವು ಅದನ್ನ ಪೆಟ್ಟಿಗೆಯಿಂದ ಹೊರಗೇ ತೆಗೆದಿಲ್ಲ."

"ಸಾರ್, ಹಾಗಲ್ಲ, ವರ್ಷವಿಡೀ..." ಕಾರ್ಯದರ್ಶಿಗಳ ದನಿ ಮೊದಲ ಸಲ ಪಿಸುವಿನ ದನಿಯಷ್ಟಾಯಿತು.

"ಇರ್ಲಿ, ಬೇಜಾರು ಮಾಡ್ಕೋಬೇಡಿ. ಅರ್ಧ ಅನುದಾನ ಬರೀತೀನಿ. ಸುಳ್ಳಂತೂ ಹೇಳಲಿಲ್ವಲ್ಲ. ಬೆಳಿಗ್ಗೆ ಒಂದು ಕಡೆ ಸುಳ್ಳು ತರಬೇತಿ ತೋರಿಸೋಕೆ ಬಂದ್ರು, ಆ ಸಂಸ್ಥೆಯ ಅನುದಾನ ನಿಲ್ಲಿಸಿ ಅಲ್ಲೇ ಕೈಮುಗಿದು ಬಂದೆ." ಸಾಹೇಬರು ಎದ್ದರು. "ಹಾಂ, ಈ ವಿಡಿಯೋ ಮಾತ್ರ ಚೆನ್ನಾಗಿ ಬಂದಿದೆ. ಎಷ್ಟು ನಾಜೂಕಾಗಿ ಒತ್ತಿದ್ರು ಎಲ್ಲರೂ! ಎಲ್ಲ ಹಳ್ಳಿಗೂ ಕಳಿಸ್ತೀನಿ, ನೋಡಿ ಕಲೀಲಿ."

ಅರ್ಧವಾದರೂ ಸಿಕ್ಕಿತಲ್ಲ ಎಂದು ಕಾರ್ಯದರ್ಶಿಗಳು ಕೈಮುಗಿದರು. ಪರದೆಯ ಕಡೆಯಿಂದ ನಿಟ್ಟುಸಿರೊಂದು ಕೇಳಿಸಿತು. ಅರ್ಧ ಅನುದಾನವೆಂದರೆ ಪಿಸುವಿನ ಕೆಲಸವೂ ಉಳಿದ ಹಾಗೆ. ಅಮ್ಮನಿಗೆ ಹೇಳಲು ಒಳ್ಳೆಯ ಸುದ್ದಿ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವಳಿಗೆ ಹೊಸದೂ ಅಲ್ಲ.

ಬಾಗಿಲ ಬಳಿ ದೊಡ್ಡಕ್ಕ ಚಪ್ಪಲಿ ಮೆಟ್ಟುತ್ತ, ಪಕ್ಕದವಳಿಗೆ ಗಾಳಿಯಲ್ಲಿ ಅಂಗೈ ತಟ್ಟಿ ತೋರಿಸುತ್ತಿದ್ದಳು. ತೀರಾ ಮೆಲ್ಲಗೆ. "ಇಷ್ಟೇ ಕಣೇ. ನಾನು ಪೆದ್ದಿ, ಇಷ್ಟು ದಿನ ಜೋರಾಗಿ ಒತ್ತಬೇಕು ಅಂದ್ಕೊಂಡಿದ್ದೆ. ನಾಳೆ ಕಾಲುವೇಲಿ ಯಾರಾದ್ರೂ ಬಿದ್ರೆ ನಾನು ಪಕ್ಕೆ ಮುರಿದೇ ಸಾಯಿಸಿಬಿಡ್ತಿದ್ನೇನೋ. ಸದ್ಯ, ಇವತ್ತು ಗೊತ್ತಾಯ್ತು."

ಸಾಹೇಬರ ಹೆಬ್ಬೆರಳು ಫೋನಿನ ಮೇಲೆ ಓಡಾಡುತ್ತಿತ್ತು.

"ನಿಲ್ಲಿ!"

ಯಾರದೀ ದನಿ ಎಂದು ಎಲ್ಲರೂ ತಿರುಗಿದರು. ಕಾರ್ಯದರ್ಶಿಗಳು ತಿರುಗಿದರು, ಸಾಹೇಬರು ತಿರುಗಿದರು, ಮೇಜಿನ ಮೇಲೆ ಅರ್ಧಣ್ಣ ಕತ್ತೆತ್ತಿ ನೋಡಿದ. ಪಿಸು ಕೋಣೆಯ ನಡುವೆ ಬಂದು ನಿಂತಿದ್ದಳು.

"ಅದನ್ನ ಕಳಿಸಬೇಡಿ ಸಾರ್. ಅಲ್ಲಿ ಮಲಗಿರೋದು ಗೊಂಬೆ ಅಲ್ಲ, ನಮ್ಮ ಟೈಲರ್ ಮಾಮ. ದೊಡ್ಡಕ್ಕಾ, ನೀವು ಮೊದಲು ಒತ್ತಿದ್ರಲ್ಲ, ಅದೇ ಸರಿ."