ನಮ್ಮ ಎರಡು ಫ್ಯಾನಿನ ಕಾರು

ನಾನು ಒಂದು ಕೆಲಸ ಹಿಡಿದರೆ ಬಿಡುವವನಲ್ಲ. ಇದು ನನ್ನ ಗುಣವೆಂದು ನಾನು ಹೇಳುತ್ತೇನೆ. ರೋಗವೆಂದು ನನ್ನ ಹೆಂಡತಿ ಪಾರ್ವತಿ ಹೇಳುತ್ತಾಳೆ. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಈ ವೃತ್ತಾಂತವನ್ನು ಓದಿ ತಾವೇ ತೀರ್ಮಾನಿಸಬೇಕು.

ಎಪ್ಪತ್ತರ ದಶಕದ ಮಾತು. ಯರಗುಪ್ಪಿಯ ಹೈಸ್ಕೂಲಿನಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ. ಆ ವರ್ಷ ಹೊಲದಲ್ಲಿ ಹತ್ತಿ ಚೆನ್ನಾಗಿ ಬಂತು. ಬಂದದ್ದೇ ತಡ, ಅಣ್ಣಿಗೇರಿಯ ಮುದಿ ಡಾಕ್ಟರರೊಬ್ಬರು ಮಾರಲು ಇಟ್ಟಿದ್ದ ಹಳೇ ಕಾರನ್ನು ಕೊಂಡುಬಿಟ್ಟೆ. ಬ್ರಿಟಿಷರು ಹೊತ್ತೊಯ್ಯಲಾರದೆ ಬಿಟ್ಟುಹೋದ ಸಾಮಾನುಗಳಲ್ಲಿ ಅದೂ ಒಂದಿರಬೇಕು. ಆದರೂ ಅಣ್ಣಿಗೇರಿಯಿಂದ ಯರಗುಪ್ಪಿಯವರೆಗೆ ಒಮ್ಮೆಯೂ ಕೆಮ್ಮದೆ, ಕುದಿಯದೆ ಬಂತು. ಈ ಮಾತನ್ನು ತಾವು ನೆನಪಿಡಬೇಕು. ನಾನು ನೆನಪಿಡಲಿಲ್ಲ!

ಮನೆಯ ಮುಂದೆ ಕಾರು ನಿಂತ ಕೂಡಲೆ ಪಾರ್ವತಿ ಆರತಿ ತಂದಳು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹೊಸ ಕೆಂಪು ಕುಪ್ಪಸದ ಖಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಬೇರು ಹಾಕಿ ಗಂಟು ಕಟ್ಟಿ, ಕಾರಿನ ಮೂತಿಯ ಜಾಳಿಗೆಗೆ ಸಿಕ್ಕಿಸಿ ಉಡಿ ತುಂಬಿದಳು.

"ಕಾರಿಗೆ ಯಾರಾದ್ರೂ ಉಡಿ ತುಂಬ್ತಾರೇನ?" ಎಂದು ನಕ್ಕೆ.

"ಭೂಮಿ ತಾಯಿಗೆ ತುಂಬೂದಿಲ್ಲೇನ್ರಿ? ಇದೂ ಮನಿಗೆ ಬಂದ ಲಕ್ಷ್ಮೀನ. ಮತ್ತ ಕೇಳ್ರಿ, ಅದನ್ನ ತಗದು ಒಗದೀರಿ!"

ಹೈಸ್ಕೂಲು ಮಾಸ್ತರನ ಕಾರು ಖಣ ಕಟ್ಟಿಕೊಂಡು ಶಾಲೆಗೆ ಬಂದರೆ ಹುಡುಗರು ಬಿಟ್ಟಾರೆಯೇ? ತೆಗೆಯಲು ಧೈರ್ಯವಿಲ್ಲ, ತೋರಿಸಲು ಮನಸ್ಸಿಲ್ಲ. ಜಾಳಿಗೆಯ ಒಂದು ಪಟ್ಟಿ ಮುರಿದಿತ್ತು. ಅವಳು ಒಳಗೆ ಹೋದ ಮೇಲೆ ಆ ಸಂದಿಯಲ್ಲಿ ಗಂಟನ್ನು ಬಲವಾಗಿ ಒಳಗೆ ತುರುಕಿದೆ. ಕಣ್ಣಿಂದ ಮರೆಯಾಯಿತು, ತಲೆಯಿಂದಲೂ ಮರೆಯಾಯಿತು.

ಮರುದಿನ ಕುಂದಗೋಳದ ಸಂತೆಗೆ ಹೊರಟೆವು. ಅರ್ಧ ದಾರಿಯಲ್ಲಿ ಕಾರು ಕುದಿಯಿತು! ಅದರ ಮರುವಾರ ಹುಬ್ಬಳ್ಳಿಗೆ ಹೊರಟೆವು. ಊರು ದಾಟುವ ಮೊದಲೇ ಕುದಿಯಿತು! ಕೊಡಗಟ್ಟಲೆ ನೀರು ಕುಡಿದು, ಅಷ್ಟನ್ನೂ ಹಬೆ ಮಾಡಿ ನನ್ನ ಮುಖಕ್ಕೇ ಬಿಡುತ್ತಿತ್ತು.

ಬರೀ ಸಂತೆಯ ಮಾತಾಗಿದ್ದರೆ ಎತ್ತಿನ ಗಾಡಿ ಇದ್ದೇ ಇತ್ತು. ಆದರೆ ಪಾರ್ವತಿಯ ತಂಗಿ ಕಸ್ತೂರಿ ದೇವಿಕೊಪ್ಪದಲ್ಲಿ ಆರು ತಿಂಗಳ ಬಸುರಿ. ಮುಂದಿನ ತಿಂಗಳು ಅವಳ ಕುಬಸ, ಅಂದರೆ ಸೀಮಂತ. ತಾಯಿಯಿಲ್ಲದ ಹುಡುಗಿ. ತವರಿನ ಹಸಿರು ಸೀರೆ ಒಯ್ದು ಮೊದಲ ಉಡಿ ತುಂಬಬೇಕಾದವಳು ಅಕ್ಕ ಪಾರ್ವತಿಯೇ. ಅಲ್ಲಿಗೆ ಸ್ವಂತ ಕಾರಿನಲ್ಲಿ ಇಳಿಸುತ್ತೇನೆಂದು ನಾನು ಮಾತು ಕೊಟ್ಟಿದ್ದೆ.

ನಮ್ಮ ಶಾಲೆಯ ವಿಜ್ಞಾನದ ಕುಲಕರ್ಣಿ ಮಾಸ್ತರು ಕಾರನ್ನು ಒಂದು ಸುತ್ತು ಹಾಕಿ ಹೇಳಿದರು: "ದೋಷ ಎಲ್ಲಾ ಫ್ಯಾನಿಂದು. ಬೆಲ್ಟಿನ ಮ್ಯಾಲೆ ತಿರಗೋ ಫ್ಯಾನು ಎಂಜಿನ್ ನಿಧಾನ ಆದ್ರ ತಾನೂ ನಿಧಾನ ಆಗ್ತದ. ಕರೆಂಟಿನ ಫ್ಯಾನ್ ಹಾಕ್ರಿ! ಬ್ಯಾಟರಿ ಮ್ಯಾಲೆ ತಿರಗ್ತದ. ಕಾರು ನಿಂತ್ರೂ ಅದು ನಿಲ್ಲಂಗಿಲ್ಲ." ನಮ್ಮೂರಿಗೆ ಕರೆಂಟು ಬಂದು ಎರಡೇ ವರ್ಷವಾಗಿತ್ತು. ಕುಲಕರ್ಣಿಯವರಿಗೆ ಅದರ ಮೇಲೆ ಇನ್ನೂ ಹೊಸ ಮದುವಣಿಗನ ಪ್ರೀತಿ.

ಹುಬ್ಬಳ್ಳಿಯ ಮೆಕ್ಯಾನಿಕ್ ಮಾಬುಸಾಬರು ಈ ಮಾತು ಕೇಳಿ ತಲೆ ಅಲ್ಲಾಡಿಸಿದರು.

"ಬ್ಯಾಡ್ರಿ ಮಾಸ್ತರ. ಅದು ಬ್ಯಾಟರಿ ತಿಂದು ಹಾಕತೈತಿ. ನನ್ನ ಕಡೆ ಫಾರಿನ್ ಕಾರಿನ ಕ್ಲಚ್ ಫ್ಯಾನ್ ಐತಿ. ಎಂಜಿನ್ ಕಾದ್ರ ಹಿಡಕೊಂಡು ಜೋರ್ ತಿರಗತೈತಿ, ತಣ್ಣಗಾದ್ರ ಕೈ ಬಿಡತೈತಿ. ಅಗದಿ ಶಾಣ್ಯಾ ಫ್ಯಾನ್. ಆದ್ರ ಮೊದ್ಲ ಆ ಮುಂದಿನ ಜಾಳಿಗಿ ಬಿಚ್ಚಿ ರೇಡಿಯೇಟರ್ ಒಂದು ನೋಡೂಣ್ರಿ."

"ಜಾಳಿಗಿ ಸುದ್ದಿ ಬ್ಯಾಡ! ನಾ ಫ್ಯಾನ್ ಆರಸಾಕ ಬಂದೇನಿ" ಎಂದೆ. ನಾನು ಹಿಡಿದ ಕೆಲಸ ಬಿಡುವವನಲ್ಲವಲ್ಲ!

ಒಂದು ವಾರ ನಾನು ಪಾಠದ ಟಿಪ್ಪಣಿ ಬರೆಯಲಿಲ್ಲ. ವಹಿಯ ಎಡಕ್ಕೆ ಕರೆಂಟಿನ ಫ್ಯಾನಿನ ಗುಣದೋಷ, ಬಲಕ್ಕೆ ಕ್ಲಚ್ ಫ್ಯಾನಿನ ಗುಣದೋಷ ಬರೆದೆ. ಊಟದಲ್ಲಿ ಅದೇ ಮಾತು, ನಿದ್ದೆಯಲ್ಲಿ ಅದೇ ಗೊಣಗಾಟ.

"ನಾ ಒಂದು ಮಾತ ಹೇಳ್ಲೇನ್ರಿ?" ಎಂದಳು ಪಾರ್ವತಿ. "ಅಣ್ಣಿಗೇರಿಯಿಂದ ಬರೂ ಮುಂದ ಹಳೇ ಫ್ಯಾನ ಇತ್ತಲ್ಲ. ಆವಾಗ ಯಾಕ ಕುದೀಲಿಲ್ಲ?"

"ಇದು ಯಂತ್ರದ ವಿಷಯ. ನಿನಗ ತಿಳಿಯೂದಿಲ್ಲ."

ಅವಳು ರೊಟ್ಟಿ ಬಡಿಯುವ ಸಪ್ಪಳ ಸ್ವಲ್ಪ ಜೋರಾಯಿತು.

ಎಂಟನೆಯ ದಿನ ನಿರ್ಧಾರಕ್ಕೆ ಬಂದೆ. ಎರಡೂ! ರೇಡಿಯೇಟರಿನ ಹಿಂದೆ ಮಾಬುಸಾಬರ ಕ್ಲಚ್ ಫ್ಯಾನು, ಮುಂದೆ ಕುಲಕರ್ಣಿಯವರ ಕರೆಂಟಿನ ಫ್ಯಾನು. ಮಾಬುಸಾಬರು ತಮ್ಮದನ್ನು ಕೂರಿಸಿ, "ಎರಡು ಯಾಕ್ರಿ?" ಎಂದು ಒಂದೇ ಪ್ರಶ್ನೆ ಕೇಳಿ ದುಡ್ಡು ಎಣಿಸಿಕೊಂಡರು. ಮುಂದಿನದನ್ನು ರವಿವಾರ ನಾನು ಮತ್ತು ಕುಲಕರ್ಣಿಯವರು ಸ್ವತಃ ಕೂರಿಸಿದೆವು. ಜಾಳಿಗೆಯ ಒಳಗೆ ಅದು ಹಿಡಿಸಲಿಲ್ಲವಾದ್ದರಿಂದ ಹೊರಗೇ ತಂತಿಯಿಂದ ಬಿಗಿದೆವು. ವಾಯರು ಜೋಡಿಸಿ ಗುಂಡಿ ಒತ್ತಿದೆ. ಭರ್ರೋ ಎಂದು ತಿರುಗಿತು! ಕಾರಿನ ಮುಂದೆ ನಿಂತಿದ್ದ ಕುಲಕರ್ಣಿಯವರ ಟೋಪಿ ಹಾರಿತು.

"ಆಹಾ, ಏನ್ ಗಾಳಿ! ಏನ್ ತಂಪು!" ಎಂದು ಅವರು ಕಣ್ಣು ಮುಚ್ಚಿದರು. ನಾನೂ ಹೋಗಿ ಬಾಜು ನಿಂತೆ. ಇಬ್ಬರೂ ಬಹಳ ಹೊತ್ತು ಗಾಳಿ ತೆಗೆದುಕೊಂಡೆವು. ರೇಡಿಯೇಟರಿಗೆ ಹೋಗಬೇಕಾದ ಗಾಳಿ ನಮಗೇಕೆ ಬರುತ್ತಿದೆ ಎಂದು ಇಬ್ಬರು ಪದವೀಧರರಲ್ಲಿ ಒಬ್ಬರೂ ಕೇಳಿಕೊಳ್ಳಲಿಲ್ಲ.

ಕುಬಸದ ದಿನ ಬಂತು. ಹನ್ನೆರಡರೊಳಗೆ ತವರಿನ ಉಡಿ ತುಂಬಬೇಕು, ಆಮೇಲೆ ಹೊತ್ತು ಚಲೋ ಇಲ್ಲ ಎಂದು ಮುಹೂರ್ತ ನೋಡಿದ ಅಯ್ಯನವರು ಹೇಳಿದ್ದರು. ನಸುಕಿನಲ್ಲೇ ಹೊರಟೆವು. ಡಿಕ್ಕಿಯಲ್ಲಿ ಒಂದೇ ಬಟ್ಟೆಯಲ್ಲಿ ಹೊಲಿಸಿದ ಎರಡು ಚೀಲ. ಒಂದರಲ್ಲಿ ಹಸಿರು ಸೀರೆ, ಖಣ, ಬಳೆ, ತೆಂಗಿನಕಾಯಿ. ಇನ್ನೊಂದರಲ್ಲಿ ನನ್ನ ರಿಪೇರಿ ಹತಾರಗಳು: ಪಾನಾ, ಪಕ್ಕಡು, ಸುತ್ತಿಗೆ.

ಹುಬ್ಬಳ್ಳಿ ಮುಟ್ಟುವುದರೊಳಗೆ ಎರಡು ಸಲ ಕುದಿಯಿತು. ಕಲಘಟಗಿಗೆ ಹೋಗುವಷ್ಟರಲ್ಲಿ ಲೆಕ್ಕ ಬಿಟ್ಟೆ. ಎರಡೂ ಫ್ಯಾನು ಪೂರ್ತಿ ತಿರುಗುತ್ತಿದ್ದವು. ಹಿಂದಿನದು ಗಾಳಿಯನ್ನು ಒಳಗೆ ಎಳೆಯುತ್ತಿತ್ತು, ನಾವು ವಾಯರು ತಿರುವುಮುರುವು ಕೂಡಿಸಿದ್ದರಿಂದ ಮುಂದಿನದು ಅದೇ ಗಾಳಿಯನ್ನು ಹೊರಗೆ ಜಗ್ಗುತ್ತಿತ್ತು. ನಡುವೆ ನನ್ನ ಸಂಸಾರ ಕುದಿಯುತ್ತಿತ್ತು. ಕಲಘಟಗಿ ದಾಟಿ ಒಂದು ಹುಣಸೆ ಮರದ ಕೆಳಗೆ ಕಾರು ದೊಡ್ಡ ನಿಟ್ಟುಸಿರು ಬಿಟ್ಟು ನಿಂತುಬಿಟ್ಟಿತು. ಗಂಟೆ ಹತ್ತೂವರೆ.

ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಪಾರ್ವತಿ ನಡುರಸ್ತೆಯಲ್ಲಿ ನಿಂತು ಕೈ ಮಾಡಿ ನಿಲ್ಲಿಸಿ, ಹತ್ತಿ ಕಿಟಕಿಯಿಂದ ಕೂಗಿದಳು.

"ನೀವು ಯಾವ ಫ್ಯಾನ್ ಚಲೋ ಅಂತ ವಿಚಾರ ಮಾಡ್ಕೋತ ಕೂಡ್ರಿ. ನನ್ನ ತಂಗಿ ದಾರಿ ಕಾಯಾಕತ್ಯಾಳ. ಆ ಚೀಲ ಕೊಡ್ರಿ ಲಗೂನ!"

ಓಡಿ ಹೋಗಿ ಡಿಕ್ಕಿ ತೆಗೆದು, ಚೀಲ ಎಳೆದು, ಹೊರಟ ಬಸ್ಸಿನ ಕಿಟಕಿಯೊಳಗೆ ತೂರಿಸಿದೆ.

"ಏನ್ರೀ ಇದು, ಇಷ್ಟ ಭಾರ?"

"ತವರಿನ ಉಡಿ, ಭಾರ ಇರೂದ!" ಎಂದು ಕೂಗಿದೆ. ಅಂಥ ಒಳ್ಳೆಯ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಸಂತೋಷವಾಯಿತು.

ಬಸ್ಸು ಮರೆಯಾಯಿತು. ಇನ್ನು ನಾನು, ನನ್ನ ಛಲ, ನನ್ನ ಹತಾರಗಳು! ಅಂಗಿಯ ತೋಳು ಮಡಚಿ ಉಳಿದ ಚೀಲ ಬಿಚ್ಚಿದೆ. ಹಸಿರು ಸೀರೆ ನನ್ನನ್ನು ನೋಡಿತು.

ಅಲ್ಲಿ ದೇವಿಕೊಪ್ಪದಲ್ಲಿ, ಹತ್ತೂರಿನ ಹೆಣ್ಣುಮಕ್ಕಳ ಮುಂದೆ, ಪಾರ್ವತಿ ತಂಗಿಯ ಉಡಿಗೆಂದು ಚೀಲ ಬಿಚ್ಚಿದರೆ ಏನು ಬರುತ್ತದೆ? ಸುತ್ತಿಗೆ! ತಾಯಿಯಿಲ್ಲದ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಜೀವನದಲ್ಲಿ ಮೊದಲ ಸಲ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಏನಾದರಾಗಲಿ, ಈ ಸೀರೆ ಹನ್ನೆರಡರೊಳಗೆ ದೇವಿಕೊಪ್ಪ ಮುಟ್ಟಲೇಬೇಕು. ಅಷ್ಟರಲ್ಲಿ ಇನ್ನೊಂದು ಬಸ್ಸೂ ಇಲ್ಲ.

ಪಾನಾ ಇಲ್ಲ, ಪಕ್ಕಡಿಲ್ಲ. ಬರಿಗೈಯಲ್ಲೇ ಕರೆಂಟಿನ ಫ್ಯಾನಿನ ವಾಯರು ಹರಿದೆ. ತಂತಿ ತಿರುವಿ ತಿರುವಿ ಕಿತ್ತು ಫ್ಯಾನನ್ನು ಗಟಾರಕ್ಕೆ ಎಸೆದೆ. ಆಗ ಜಾಳಿಗೆಯ ಮುರಿದ ಪಟ್ಟಿ ಕಂಡಿತು. ಅದರ ಹಿಂದೆ ಕೆಂಪಗೆ ಏನೋ ಇಣುಕುತ್ತಿತ್ತು. ಬೆರಳು ಹಾಕಿ ಎಳೆದೆ. ಬಂತು, ಬಂತು, ಇನ್ನೂ ಬಂತು! ಗಂಟು ಬಿಚ್ಚಿ ಇಡೀ ಖಣ ರೇಡಿಯೇಟರಿನ ಎದೆಗೆ ಅಂಟಿ, ತಿಂಗಳಿಂದ ಒಂದು ಎಳೆ ಗಾಳಿಯನ್ನೂ ಒಳಗೆ ಬಿಟ್ಟಿರಲಿಲ್ಲ. ಮಡಿಕೆಯಲ್ಲಿ ಒಂದು ಉತ್ತತ್ತಿಯ ಜೊತೆ ಒಂದು ಹಿಡಿ ಅಕ್ಕಿ ಉಳಿದಿತ್ತು. ಹಿಚುಕಿ ನೋಡಿದೆ.

ಮುಕ್ಕಾಲು ಬೆಂದಿತ್ತು!

ಖಣವನ್ನು ಜೇಬಿಗೆ ತುರುಕಿ, ರಸ್ತೆ ಪಕ್ಕದ ಕೆರೆಯಿಂದ ಎರಡು ಕೊಡ ನೀರು ತಂದು ಸುರಿದು ಹೊರಟೆ. ಒಂದು ಸಲವೂ ಕುದಿಯಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ದೇವಿಕೊಪ್ಪದಲ್ಲಿ ಕಸ್ತೂರಿಯ ಮನೆಯ ಅಂಗಳಕ್ಕೆ ಚೀಲ ಹಿಡಿದು ಜಿಗಿದೆ.

ಒಳಗೆ ಕಸ್ತೂರಿ ಮಣೆಯ ಮೇಲೆ ಬೆವರುತ್ತ ಕೂತಿದ್ದಳು. ಎದುರಿಗೆ ಹರಿವಾಣ, ಬಾಜು ನನ್ನ ಚೀಲ ಬಾಯಿ ತೆರೆದು ಬಿದ್ದಿತ್ತು. ಬೊಚ್ಚು ಬಾಯಿಯ ಒಬ್ಬ ಅಜ್ಜಿ ಪಕ್ಕಡನ್ನು ತಿರುಗಿಸಿ ನೋಡುತ್ತ, "ಹುಟ್ಟೂ ಕೂಸಿಗೆ ತವರವ್ರು ಗ್ಯಾರೇಜ್ ಹಾಕಿ ಕೊಡ್ತಾರೇನವಾ?" ಎಂದು ಕೇಳುತ್ತಿದ್ದಳು. ಪಾರ್ವತಿಯ ಕಣ್ಣು ಕೆಂಪಾಗಿತ್ತು. ನನ್ನನ್ನು ಕಂಡದ್ದೇ ಕಸ್ತೂರಿ, "ಅಕ್ಕಾ, ಮಾಮಾ ಬಂದ್ರು!" ಎಂದು ಅತ್ತೂ ಬಿಟ್ಟಳು, ನಕ್ಕೂ ಬಿಟ್ಟಳು.

ಪಾರ್ವತಿ ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ಅವಳ ಮುಖ ತುಸು ತಿಳಿಯಾಯಿತು. "ಅಂತೂ ಕಾರು ಬಂತಲ್ಲ. ಯಾವ ಫ್ಯಾನ್ ತಂತ್ರಿ?"

ಇಷ್ಟು ಜನರ ಮುಂದೆ ನಿಜ ಹೇಳುವುದು ಹೇಗೆ? "ಕ್ಲಚ್ ಫ್ಯಾನು!" ಎಂದು ಎದೆಯುಬ್ಬಿಸಿ, ಬೆವರು ಒರೆಸಲು ಜೇಬಿನಿಂದ ಕರವಸ್ತ್ರ ಎಳೆದೆ.

ಕರವಸ್ತ್ರ ಕೆಂಪಗಿತ್ತು. ಅದರಿಂದ ಒಂದು ಉತ್ತತ್ತಿ ಟಣ್ಣನೆ ಹರಿವಾಣಕ್ಕೆ ಬಿತ್ತು. ಹಿಂದೆಯೇ ನಾಲ್ಕು ಅಗುಳು ಅನ್ನ.

ಪಾರ್ವತಿ ಖಣ ನೋಡಿದಳು, ಅನ್ನ ನೋಡಿದಳು, ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿ ಮೊದಲಿನಿಂದ ಕೊನೆಯವರೆಗೆ ಎಲ್ಲ ಒಪ್ಪಿಕೊಂಡೆ. ಮುರಿದ ಪಟ್ಟಿ, ತುರುಕಿದ ಗಂಟು, ತಿರುವುಮುರುವು ವಾಯರು, ಕುಲಕರ್ಣಿಯವರ ಟೋಪಿ, ಯಾವುದನ್ನೂ ಬಿಡಲಿಲ್ಲ.

ಅವಳು ಬಯ್ಯಲಿಲ್ಲ. ಗೂಟದಲ್ಲಿದ್ದ ಬಿದಿರಿನ ಬೀಸಣಿಗೆ ತೆಗೆದು ನನ್ನ ಕೈಗೆ ಕೊಟ್ಟಳು.

"ತಗೋರಿ. ಇದಕ್ಕ ವಾಯರಿಲ್ಲ, ಬೆಲ್ಟಿಲ್ಲ, ಕ್ಲಚ್ಚಿಲ್ಲ. ನಾ ಉಡಿ ತುಂಬೂತನಕ ಕಸ್ತೂರಿಗೆ ಬೀಸ್ರಿ. ಮತ್ತ ಗಾಳಿ ಆಕಿ ಕಡೆ ಹೋಗಬೇಕು, ನಿಮ್ಮ ಕಡೆ ಅಲ್ಲ!"

ಹತ್ತೂರಿನ ಹೆಣ್ಣುಮಕ್ಕಳ ನಡುವೆ ಕೂತು, ಹಾಡು ಮುಗಿದು ಆರತಿಯಾಗುವವರೆಗೂ ಬೀಸಿದೆ. ನಾನು ಹಿಡಿದ ಕೆಲಸ ಬಿಡುವವನಲ್ಲವಲ್ಲ. ನಡುನಡುವೆ ಆ ಅಜ್ಜಿ ಮಾತ್ರ ಬಗ್ಗಿ ನನ್ನ ಹಣೆ ಮುಟ್ಟಿ ನೋಡಿ, ಪಾರ್ವತಿಗೆ ವರದಿ ಒಪ್ಪಿಸುತ್ತಿದ್ದಳು:

"ಇನ್ನೂ ಕುದ್ದಿಲ್ಲ ನೋಡವಾ!"