ಓನರಮ್ಮನ ಡಬ್ಬಿಯಲ್ಲಿ ನಾಲ್ಕು ಅಂಗಾಂಶ

ಒಂಬತ್ತನೇ ತರಗತಿಗೆ ಅಂಗಾಂಶಗಳ ಪಾಠ ಶುರುವಾಯಿತೆಂದರೆ ಏನಾದರೊಂದು ಎಡವಟ್ಟು ಆಗಲೇಬೇಕು. ನಾನು ವಿಜ್ಞಾನದ ಮೇಷ್ಟ್ರಾಗಿದ್ದ ಕುಣಿಗಲ್ಲಿನಲ್ಲೂ ಆಗಿದೆ, ತುಮಕೂರಿನಲ್ಲೂ ಆಗಿದೆ. ಆದರೆ ತೊಂಬತ್ತರ ದಶಕದಲ್ಲಿ ಗುಬ್ಬಿಯಲ್ಲಿ ಆದದ್ದನ್ನು ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ.

ಅಲ್ಲಿ ನಾನಿದ್ದ ಬಾಡಿಗೆ ಮನೆಯ ಓನರಮ್ಮ ಲಿಂಗಪೂಜೆ ಮುಗಿಸದೆ ನೀರು ಮುಟ್ಟದವರು. ನಾನೂ ಸಸ್ಯಾಹಾರಿ ಅಂತ ವಿಚಾರಿಸಿಯೇ ಮನೆ ಕೊಟ್ಟಿದ್ದರು. “ಮೊಟ್ಟೆ ಸಿಪ್ಪೆ ಕಂಡ್ರೂ ಅವತ್ತೇ ಖಾಲಿ ಮಾಡ್ಬೇಕು ಮೇಷ್ಟ್ರೇ” ಎಂದಿದ್ದರು. ಬಾಣಂತನಕ್ಕೆ ತವರಿಗೆ ಹೋಗಿದ್ದ ಹೆಂಡತಿ ಮಗುವಿನೊಂದಿಗೆ ಮುಂದಿನ ವಾರ ಬರುವವಳಿದ್ದಳು. ಊರೆಲ್ಲ ಅಲೆದು ಹಿಡಿದ ಆ ಮನೆ ಕೈಬಿಟ್ಟರೆ ಅವರನ್ನು ಎಲ್ಲಿಗೆ ಕರೆತರುವುದು?

೧. ಮಟನ್ ಅಂಗಡಿ

ಪುಸ್ತಕದ ಚಿತ್ರ ನೋಡಿ ನೋಡಿ ಮಕ್ಕಳು ಆಕಳಿಸುತ್ತಿದ್ದರು. ನಿಜವಾದದ್ದನ್ನೇ ತೋರಿಸೋಣವೆಂದು ಹೊರಟೆ. ಬಿಗಿ ಮುಚ್ಚಳದ ಡಬ್ಬಿ ಬೇಕಿತ್ತು. ಓನರಮ್ಮ ತಂಬಿಟ್ಟು ತುಂಬಿ ಕೊಟ್ಟಿದ್ದ, ಅವರ ಹೆಸರು ಕೊರೆಸಿದ್ದ ಸ್ಟೀಲ್ ಡಬ್ಬಿಯೇ ಕೈಗೆ ಸಿಕ್ಕಿತು. ಬೆಳಿಗ್ಗೆಯೇ ತಲೆಗೆ ಟವೆಲ್ ಸುತ್ತಿಕೊಂಡು ಹಿಂದಿನ ಬೀದಿಯಿಂದ ಮಟನ್ ಅಂಗಡಿಗೆ ಹೋದೆ.

“ಒಂದು ಚೂರು ಚರ್ಮ, ಒಂದು ಮೂಳೆ, ಒಂದು ಚೂರು ಮಾಂಸ, ಚೂರೇ ಚೂರು ಮಿದುಳು ಕೊಡಿ ಭಾಯ್.”

“ಎಷ್ಟು ಜನಕ್ಕೆ ಸಾರ್?”

“ಐವತ್ತು ಜನಕ್ಕೆ.”

ಅಂಗಡಿಯವರು ಮಚ್ಚು ಕೆಳಗಿಟ್ಟರು. “ಐವತ್ತು ಜನ ಇದನ್ನ ತಿಂತಾರಾ?”

“ತಿನ್ನೋಕಲ್ಲ, ನೋಡೋಕೆ.”

“ಬರೀ ನೋಡೋಕಾದ್ರೆ ಅವರ್ನೇ ಇಲ್ಲಿಗೆ ಕಳ್ಸಿ ಸಾರ್, ನಿಮ್ಗ್ಯಾಕೆ ಖರ್ಚು?”

೨. ಒಂದೇ ಮನೆತನ

ಚರ್ಮದ ಮೇಲ್ಪದರ ಅನುಲೇಪಕ, ಮೂಳೆ ಸಂಯೋಜಕ, ಮಾಂಸ ಸ್ನಾಯು, ಮಿದುಳು ನರ ಅಂಗಾಂಶ. ದೇಹದಲ್ಲಿ ಮೂಲವಾಗಿ ಈ ನಾಲ್ಕೇ ವಿಧ ಎಂದು ತೋರಿಸಿದೆ. ರಕ್ತವೂ ಸಂಯೋಜಕದ ಗುಂಪಿಗೇ ಸೇರುತ್ತದೆ ಎಂದಾಗ ಹುಡುಗಿಯೊಬ್ಬಳು ಎದ್ದು ನಿಂತಳು.

“ಮೂಳೆ ಗಟ್ಟಿ, ರಕ್ತ ನೀರು. ಎರಡೂ ಒಂದೇ ಗುಂಪು ಹೆಂಗ್ ಸಾರ್?”

“ನೋಡೋಕೆ ಬೇರೆ ಕಣಮ್ಮ. ಆದ್ರೆ ಎರಡರಲ್ಲೂ ಜೀವಕೋಶಗಳು ದೂರದೂರ ಇರ್ತವೆ, ಮಧ್ಯೆ ಬೇರೆ ವಸ್ತು ತುಂಬಿಕೊಂಡಿರುತ್ತೆ. ಹುಟ್ಟಿದ ಮೂಲವೂ ಒಂದೇ.”

“ಗೊತ್ತಾಯ್ತು ಸಾರ್. ನಮ್ಮಪ್ಪ, ದೊಡ್ಡಪ್ಪ ಇದ್ದಂಗೆ. ಒಂದೇ ಮನೆತನ, ಮಧ್ಯೆ ಗೋಡೆ.”

೩. ಸ್ನಾಯು

ನಾವು ಹೇಳಿದಂತೆ ಕೇಳುವುದು ಐಚ್ಛಿಕ ಸ್ನಾಯು, ತನ್ನಷ್ಟಕ್ಕೆ ಕೆಲಸ ಮಾಡುವುದು ಅನೈಚ್ಛಿಕ ಎಂದು ಹೇಳಿ, ಉದಾಹರಣೆ ಕೇಳಿದೆ.

“ಕೈಯಿಂದು ಐಚ್ಛಿಕ ಸಾರ್” ಎಂದ ಒಬ್ಬ. “ನಮ್ ಹೆಡ್ಮಾಸ್ಟ್ರು ಕೈಯಿಂದು ಮಾತ್ರ ಅನೈಚ್ಛಿಕ. ಬೆತ್ತ ಕಂಡ್ರೆ ಆ ಕೈ ತಾನಾಗೇ ಎದ್ದು ಬುಡ್ತದೆ.”

೪. ಡಬ್ಬಿ

ಮರುದಿನ ಬಿ ಸೆಕ್ಷನ್‌ಗೂ ತೋರಿಸಬೇಕಿತ್ತು. ಶಾಲೆಯಲ್ಲಿ ಬಿಟ್ಟರೆ ನಾಯಿಗಳ ಕಾಟ. ಉಪ್ಪುನೀರು ಹಾಕಿ ಡಬ್ಬಿ ಮುಚ್ಚಿ, ಚೀಲದಲ್ಲಿಟ್ಟು ಸೈಕಲ್ಲಿಗೆ ನೇತುಹಾಕಿಕೊಂಡು ಬಂದೆ. ಮನೆಯೊಳಗೆ ತರುವ ಧೈರ್ಯವಾಗಲಿಲ್ಲ, ಸೈಕಲ್ಲಿನಲ್ಲೇ ಬಿಟ್ಟೆ. ಕಾಲು ತೊಳೆದು ಬರುವಷ್ಟರಲ್ಲಿ ಚೀಲ ಖಾಲಿ.

ನಮ್ಮ ಕಡೆ ಯಾರೂ ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವುದಿಲ್ಲ. ಸ್ವಲ್ಪ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಚೀಲದ ಬಾಯಲ್ಲಿ ತಮ್ಮ ಡಬ್ಬಿ ಕಂಡು, ಎತ್ತಿ ನೋಡಿದರೆ ಭಾರವಾಗಿದ್ದರಿಂದ ಓನರಮ್ಮ, ಮೇಷ್ಟ್ರು ಏನೋ ತಿಂಡಿ ತುಂಬಿ ತಂದಿದ್ದಾರೆ ಎಂದು ಸಂತೋಷವಾಗಿ ಎತ್ತಿಕೊಂಡು ಹೋಗಿದ್ದರು.

ಅವರು ಕಿರುಚಿದ್ದು ಪಕ್ಕದ ಬೀದಿಗೂ ಕೇಳಿಸಿರಬೇಕು. ಓಡಿದೆ. ತೆರೆದ ಡಬ್ಬಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿತ್ತು. ಅವರು ಮೂಗಿಗೆ ಸೆರಗು ಹಿಡಿದು ದೂರ ನಿಂತಿದ್ದರು.

“ಏನ್ ಮೇಷ್ಟ್ರೇ ಇದು?”

“ಅಂಗಾಂಶ ಅಮ್ಮಾ, ಪಾಠಕ್ಕೆ” ಎಂದವನು ಹೆದರಿಕೆಯಲ್ಲಿ ಪೂರ್ತಿ ಪಾಠವನ್ನೇ ಒಪ್ಪಿಸಿಬಿಟ್ಟೆ. “ಮನುಷ್ಯರ ದೇಹದಲ್ಲೂ ಇವೇ ನಾಲ್ಕು ಇರೋದಮ್ಮ.”

“ನನ್ನೊಳಗೂ?”

“ನಾಲ್ಕೂ ಇವೆ.”

ಅವರು ತಮ್ಮ ಕೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡರು. ನಾನು ಮನಸ್ಸಿನಲ್ಲೇ ಸಾಮಾನು ಕಟ್ಟತೊಡಗಿದ್ದೆ.

“ಡಬ್ಬಿ ಸ್ಕೂಲಿಗೇ ಇರ್ಲಿ, ನಂಗೆ ಬೇಡ. ನೀವು ಹೆಂಡ್ತಿ ಮಗೂನ ಕರ್ಕೊಂಬನ್ನಿ” ಎಂದರು. “ಇದು ಒಳಗೈತೆ ಅಂತ ಮನೆ ಖಾಲಿ ಮಾಡ್ಸೋದಾದ್ರೆ, ಮೊದ್ಲು ನಾನೇ ಖಾಲಿ ಮಾಡ್ಬೇಕಾಗುತ್ತೆ.”