ಕೊಲೆ ಅವನದು, ಕೊಳೆ ನನ್ನದು

ನನ್ನ ದಾಂಪತ್ಯದಲ್ಲಿ ಒಬ್ಬ ಪರಪುರುಷನಿದ್ದಾನೆ. ಅವನನ್ನು ಲೈಬ್ರರಿಯಿಂದ ಹೊತ್ತು ತರುವವನು ನಾನೇ. ವಾಯಿದೆ ಮುಗಿದರೆ ದಂಡ ಕಟ್ಟುವವನೂ ನಾನೇ.

ಆತ ದಕ್ಷಿಣ ಸೀಮೆಯ ಯಾವುದೋ ಜೌಗು ಊರಿನ ಪೊಲೀಸ್ ದಫೇದಾರ. ಪತ್ತೇದಾರಿ ಕಾದಂಬರಿಯ ನಾಯಕ. ಆ ಊರಲ್ಲಿ ಸೆಖೆ, ಸೊಳ್ಳೆ ಮತ್ತು ವರ್ಷಕ್ಕೊಂದು ಕೊಲೆ, ಕೊಲೆಗೊಂದು ಪುಸ್ತಕ. ನನ್ನ ಹೆಂಡತಿ ಮದುವೆಗೆ ಮುಂಚಿನಿಂದಲೂ ಓದುತ್ತಿದ್ದಾಳೆ, ಅವು ಇನ್ನೂ ಬರುತ್ತಲೇ ಇವೆ. (ಇಷ್ಟಾದರೂ ಆ ಊರಲ್ಲಿ ಸಾಯಲು ಜನ ಉಳಿದಿರುವುದೇ ನಿಜವಾದ ನಿಗೂಢ.) ದಫೇದಾರನಿಗೆ ಮಂಡಿನೋವು, ಹೆಂಡತಿ ತೀರಿಕೊಂಡಿದ್ದಾಳೆ, ಹಾಗಾಗಿ ನನ್ನವಳಿಗೆ ಅವನ ಮೇಲೆ ಅಪಾರ ಕನಿಕರ. ಮಂಡಿನೋವು ನನಗೂ ಇದೆ. ಆದರೆ ಹೆಂಡತಿಯೂ ಇದ್ದಾಳಲ್ಲ, ಕನಿಕರ ಹುಟ್ಟುವುದಿಲ್ಲ.

ನನ್ನದು ಡ್ರೈಕ್ಲೀನಿಂಗ್ ಅಂಗಡಿ. ಅವನದು ಕೊಲೆ, ನನ್ನದು ಕೊಳೆ. ಒಂದಕ್ಷರದ ವ್ಯತ್ಯಾಸಕ್ಕೆ ಅವನು ‘ದಫೇದಾರರು’, ನಾನು ‘ಇವರೊಬ್ಬರು’.

ಒಂದು ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದೆ. ಅವಳು ಬಾಗಿಲಲ್ಲೇ ಅಡ್ಡ ನಿಂತಳು.

“ಏನಾದ್ರೂ ಗಮನಿಸಿದ್ರಾ?”

ಈ ಪ್ರಶ್ನೆಗೆ ಗಂಡಂದಿರ ಬಳಿ ಇರುವುದು ಒಂದೇ ಉತ್ತರ. “ತುಂಬ ಚೆನ್ನಾಗಿದೆ.”

“ಏನು ಚೆನ್ನಾಗಿದೆ?”

“ಕೂದಲು.”

“ಹಾಲ್‌ಗೆ ಬಣ್ಣ ಹೊಡೆಸಿದೀನ್ರೀ! ಹಸಿರು ಗೋಡೆ ಹಳದಿಯಾಗಿದೆ! ನಮ್ಮ ದಫೇದಾರರಾಗಿದ್ರೆ ಮೆಟ್ಟಿಲಲ್ಲೇ ವಾಸನೆ ಹಿಡಿದು, ಬಣ್ಣ ಹೊಡೆದವನು ಎಡಚ ಅಂತಲೂ ಹೇಳಿರೋರು.”

“ಅವರಿಗೆ ಗೋಡೆ ನೋಡೋಕೆ ಸಂಬಳ ಕೊಡ್ತಾರೆ ಕಣೇ.”

“ನಿಮಗೆ ಕೊಟ್ರೂ ನೋಡಲ್ಲ.”

ನನ್ನ ಪೌರುಷ ಕೆರಳಿತು. ಶತ್ರುವಿನ ಕೋಟೆ ಹೊಕ್ಕು ಅವನ ಲೋಪದೋಷಗಳನ್ನು ಬಯಲಿಗೆಳೆಯುವುದೆಂದು ತೀರ್ಮಾನಿಸಿ, ಮರುದಿನವೇ ಮೊದಲ ಪುಸ್ತಕವನ್ನು ಅಂಗಡಿಗೆ ಒಯ್ದೆ. ಎರಡನೇ ಅಧ್ಯಾಯದಲ್ಲಿ ಜೌಗಿನಲ್ಲೊಂದು ಹೆಣ ತೇಲಿತು. ನಾನು ಮುಳುಗಿದೆ.

ಅಲ್ಲಿಂದ ಮುಂದೆ ಅಂಗಡಿಯಲ್ಲೂ ಓದು, ಮನೆಯಲ್ಲೂ ಓದು. ಇಸ್ತ್ರಿಪೆಟ್ಟಿಗೆ ಕಾಯುವಷ್ಟರಲ್ಲಿ ಒಂದು ಅಧ್ಯಾಯ. (ಒಬ್ಬರ ಪ್ಯಾಂಟಿನ ಮೇಲೆ ಪೆಟ್ಟಿಗೆಯ ಅಚ್ಚು ಮೂಡಿದ್ದು ಆಗಲೇ. ಆ ಅಧ್ಯಾಯವೂ ಹಾಗಿತ್ತು.) ಗಿರಾಕಿಗಳು ನನಗೆ ಗಿರಾಕಿಗಳಾಗಿ ಕಾಣುವುದು ನಿಂತೇಹೋಯಿತು.

ಅಂಥ ಸಮಯದಲ್ಲೇ ಪಿಟೀಲು ಮೇಷ್ಟ್ರು ಒಂದು ಬಿಳಿ ಅಂಗಿ ತಂದರು. ತೋಳಿನ ಮೇಲೆ ಕೆಂಪುಗಂದು ಬಣ್ಣದ ದೊಡ್ಡ ಗುರುತು.

“ಇದೆಂಥ ಕಲೆ, ಮೇಷ್ಟ್ರೇ?” ಎಂದೆ, ದಫೇದಾರರ ಹಾಗೆ ಕಣ್ಣು ಕಿರಿದು ಮಾಡಿ.

“ತುಂಬ ಕಷ್ಟದ ಕಲೆ ಸ್ವಾಮಿ. ಚಿಕ್ಕಂದಿನಿಂದ ಸಾಧನೆ ಮಾಡಿದ್ದು.”

“ನಾನು ಕೇಳಿದ್ದು ತೋಳಿನ ಮೇಲಿರೋದನ್ನ.”

“ಓ, ಅದಾ? ಗೊತ್ತಾಗ್ಲಿಲ್ಲ.”

ಅಪರಾಧಿಗಳೆಲ್ಲರೂ ಮೊದಲು ಹೇಳುವ ಮಾತು ಇದೇ. “ಬಟ್ಟೆ ತರೋದು ಯಾವಾಗ್ಲೂ ನಿಮ್ಮ ಮನೆಯವರು. ಈಚೆಗೆ ಕಾಣ್ತಾನೇ ಇಲ್ಲ?” ಎಂದು ಕೆದಕಿದೆ.

ಮೇಷ್ಟ್ರು ಸ್ವಲ್ಪ ಯೋಚಿಸಿದರು. “ಒಳಗೆಲ್ಲೋ ಇರಬೇಕು,” ಎಂದರು.

ಅಂಗಿಯನ್ನು ತೊಳೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಭದ್ರಪಡಿಸಿದೆ. ಬಟ್ಟೆ ತಲುಪಿಸುವ ನೆಪದಲ್ಲಿ ಅವರ ಮನೆಗೂ ಹೋಗಿಬಂದೆ. ಬಾಗಿಲ ಬಳಿ ಹೆಂಗಸರ ಚಪ್ಪಲಿ ಇಲ್ಲ. ಕುಂಡದ ಗಿಡ ಬಾಡಿದೆ. ಒಳಗಿನಿಂದ ಪಿಟೀಲು ಮಾತ್ರ ನರಳುತ್ತಿದೆ. ಇನ್ನೇನು ಬೇಕು? ಠಾಣೆಗೆ ಫೋನ್ ಮಾಡಿದೆ.

ಪೊಲೀಸಪ್ಪ ಬಂದಿದ್ದು ಮರುದಿನ ಮಧ್ಯಾಹ್ನ, ಪಾಠದ ಮಧ್ಯೆ ಎಬ್ಬಿಸಿದ ಮೇಷ್ಟ್ರ ಸಮೇತ. ಅವರ ಕೈಯಲ್ಲಿ ಇನ್ನೂ ಕಮಾನು ಇತ್ತು. ಮನೆಯ ಬೀಗದ ಕೈ ಕೇಳಲೆಂದು ಬಂದಿದ್ದ ನನ್ನ ಹೆಂಡತಿಯೂ ಅಲ್ಲೇ ಇದ್ದಳು. ನಾನು ಗಂಭೀರವಾಗಿ ಚೀಲ ಬಿಚ್ಚಿದೆ. ಅವಳು ಬಗ್ಗಿ ಮೂಸಿದಳು.

“ಇದು ವಾರ್ನಿಶ್ ಅಲ್ವೇನ್ರೀ?”

“ಹೂಂ, ಪಿಟೀಲಿಗೆ ಹಚ್ಚಿದ್ದೆ,” ಎಂದರು ಮೇಷ್ಟ್ರು, ಈಗ ಜ್ಞಾಪಕ ಬಂದವರಂತೆ.

ಇಷ್ಟು ವರ್ಷ ಕಲೆ ತೆಗೆದೇ ಹೊಟ್ಟೆ ಹೊರೆದ ನಾನು, ಮೂಗೊಂದನ್ನು ಬಿಟ್ಟು ಉಳಿದೆಲ್ಲ ಇಂದ್ರಿಯಗಳನ್ನೂ ತನಿಖೆಗೆ ಬಳಸಿದ್ದೆ.

“ಅದಿರಲಿ,” ಎಂದೆ, “ಇವರ ಹೆಂಡ್ತಿ ಎಲ್ಲಿ?”

ಮೇಷ್ಟ್ರು ಕಮಾನಿನಿಂದ ತಲೆ ಕೆರೆದುಕೊಂಡರು. ಅಷ್ಟರಲ್ಲಿ ಸೂಟ್‌ಕೇಸ್ ಎಳೆದುಕೊಂಡು ಅವರ ಹೆಂಡತಿಯೇ ಅಂಗಡಿಯೊಳಗೆ ಬಂದರು. ಮನೆಗೆ ಬೀಗ ಬಿದ್ದಿತ್ತಂತೆ. ಗಂಡನನ್ನು ಪೊಲೀಸರು ಇಲ್ಲಿಗೆ ಕರೆತಂದರೆಂದು ಪಕ್ಕದ ಮನೆಯವರು ಹೇಳಿದರಂತೆ.

ಪೊಲೀಸಪ್ಪ ಟೋಪಿ ಸರಿಮಾಡಿಕೊಂಡರು. “ಅಮ್ಮಾ, ನಿಮ್ಮ ಕೊಲೆಯಾಗಿದೆ ಅಂತ ದೂರು ಬಂದಿದೆ.”

“ಯಾರು ಕೊಟ್ಟಿದ್ದು?”

ನಾನು ಸಾಲಾಗಿ ತೂಗುಹಾಕಿದ್ದ ಕೋಟುಗಳ ನಡುವೆ ಇನ್ನೊಂದು ಕೋಟಾಗಲು ಪ್ರಯತ್ನಿಸುತ್ತಿದ್ದೆ. ಆದರೂ ಎಲ್ಲರ ಬೆರಳೂ ನನ್ನ ಕಡೆಗೇ ತಿರುಗಿತು. ಆಕೆಯ ಕಣ್ಣಲ್ಲಿ ನೀರಾಡಿತು.

“ನಾನು ತವರಿಗೆ ಹೋಗಿ ವಾರ ಆಯ್ತು. ಇವರದ್ದೊಂದು ಫೋನಿಲ್ಲ. ನಾನಿಲ್ಲ ಅಂತ ಗಮನಿಸಿದ ಪುಣ್ಯಾತ್ಮರು ನೀವೊಬ್ಬರೇ ಅಣ್ಣಾ.”

“ಸಂಗೀತ ಕಛೇರಿ ಹತ್ತಿರ ಬಂತಲ್ಲ, ಅಭ್ಯಾಸದಲ್ಲಿದ್ದೆ…” ಎಂದರು ಮೇಷ್ಟ್ರು, ಕಮಾನನ್ನೇ ನೋಡುತ್ತ.

ನಾನು ಕೋಟುಗಳಿಂದ ಹೊರಬಂದೆ. ಎದೆ ತಾನಾಗಿಯೇ ಉಬ್ಬಿತ್ತು. ಹೆಂಡತಿಯ ಕಡೆ ತಿರುಗಿ, “ನೋಡಿದ್ಯಾ? ಗಮನಿಸೋದು ಅಂದ್ರೆ ಇದು. ದಫೇದಾರರೇ ಬೇಕಾಗಿಲ್ಲ,” ಎಂದೆ.

“ಹೌದೌದು,” ಎಂದಳು ಅವಳು ಬಹಳ ಮೃದುವಾಗಿ. “ಮೊನ್ನೆ, ನಿನ್ನೆ ನಾನು ಎಲ್ಲಿದ್ದೆ, ಹೇಳಿ ನೋಡೋಣ?”

“ಇದೇನು ಪ್ರಶ್ನೆ? ನೀನು ರೂಮಲ್ಲಿ ಕೂತು ಓದ್ತಿದ್ದೆ.”

“ಅಕ್ಕನ ಮನೇಲಿದ್ದೆ. ಹೇಳೇ ಹೋಗಿದ್ದೆ. ‘ಹೂಂ’ ಅಂದು ಪುಟ ತಿರುಗಿಸಿದ್ರಿ. ಈಗ ಬಸ್ಸಿಳಿದು ಸೀದಾ ಇಲ್ಲಿಗೇ ಬಂದಿದೀನಿ. ಕೈಯಲ್ಲಿ ಚೀಲ ಕಾಣಲ್ವಾ?”

ಚೀಲವಿತ್ತು. ಸಾಕಷ್ಟು ದೊಡ್ಡದೇ ಇತ್ತು. ಎರಡು ದಿನ ಮನೆ ಓದಿಗೆ ಬಹಳ ಅನುಕೂಲವಾಗಿ, ನಿಶ್ಶಬ್ದವಾಗಿದ್ದುದೂ ಆಗ ನೆನಪಾಯಿತು.

ಮೇಷ್ಟ್ರು ಮೆಲ್ಲಗೆ ಬಂದು ನನ್ನ ಪಕ್ಕ ನಿಂತರು. ಪೊಲೀಸಪ್ಪ ನಮ್ಮಿಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿ, ಹೆಂಗಸರ ಕಡೆ ತಿರುಗಿ ಪೆನ್ನು ತೆಗೆದರು.

“ದೂರು ಕೊಡೋದಿದ್ರೆ ಈಗಲೇ ಹೇಳ್ಬಿಡಿ ತಾಯಿ,” ಎಂದರು. “ಇಬ್ಬರೂ ಒಟ್ಟಿಗೇ ಸಿಕ್ಕಿದಾರೆ.”